ಅಜ್ಜಿ ತಿನ್ನದ ಪ್ರಸಾದ

ನಮ್ಮ ಮನೆ ಇರುವುದು ಕಾಸರಗೋಡಿನ ಬೇಳದ ಹತ್ತಿರ. ಮೇಲಿನ ತೋಟ ಭಟ್ಟರದ್ದು, ಕೆಳಗಿನದ್ದು ನಮ್ಮದು. ನಡುವೆ ಒಂದು ತೋಡು, ದಾಟಲು ಅಡಿಕೆ ಮರದ ಸಂಕ. ಭಟ್ಟರಲ್ಲಿ ಸತ್ಯನಾರಾಯಣ ಪೂಜೆ ಇದ್ದಾಗೆಲ್ಲ ನಮ್ಮಜ್ಜಿಗೆ ಹೇಳಿಕೆ ಬರುತ್ತಿತ್ತು. ಅಜ್ಜಿ ಒಳ್ಳೆ ಸೀರೆ ಉಟ್ಟು, ಕೊರಳಲ್ಲಿ ಶಿಲುಬೆಯ ಸರ ಹಾಕಿಕೊಂಡೇ ಸಂಕ ದಾಟುತ್ತಿದ್ದರು. ಪೂಜೆ ಮುಗಿಯುವ ತನಕ ಜಗಲಿಯಲ್ಲಿ ಕೂತಿರುತ್ತಿದ್ದರು. ಬಾಳೆಲೆ ಚೂರಿನಲ್ಲಿ ಸಪಾದ ಭಕ್ಷ್ಯ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಆದರೆ ಬಾಯಿಗೆ ಹಾಕುತ್ತಿರಲಿಲ್ಲ. ಎಲೆ ಮಡಚಿ, ಸೆರಗಿನಲ್ಲಿ ಮುಚ್ಚಿ ಮನೆಗೆ ತಂದು ಅಡಿಗೆಮನೆಯ ಕಪಾಟಿನ ಮೇಲೆ ಇಡುತ್ತಿದ್ದರು.

ಅದನ್ನು ತಿನ್ನುತ್ತಿದ್ದವರು ಅಪ್ಪ. ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣು. ಬಿಡುವುದು ಹೇಗೆ ಹೇಳಿ? "ಅದು ಪೂಜೆಗೆ ಇಟ್ಟದ್ದು ಮಗಾ" ಅಂತ ಅಜ್ಜಿ. "ಭೂಮಿಯೂ ಅದರಲ್ಲಿ ಇರುವುದೆಲ್ಲವೂ ದೇವರದ್ದೇ ಅಂತ ಬೈಬಲಿನಲ್ಲೇ ಇದೆಯಲ್ಲಮ್ಮಾ" ಅಂತ ಅಪ್ಪ. ಸಂಜೆಯಾದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವವರು. ಇಬ್ಬರ ವಾದಕ್ಕೂ ಆಧಾರ ಬೈಬಲಿನಲ್ಲಿರುವ, ಯೇಸುವಿನ ಪ್ರಚಾರಕ ಪೌಲನ ಒಂದೇ ಪತ್ರದ ಒಂದೇ ಅಧ್ಯಾಯ. ನಾನು ಅದನ್ನು ಓದಿ ಅರ್ಥ ಮಾಡಿಕೊಂಡದ್ದು ಎಷ್ಟೋ ವರ್ಷ ಕಳೆದ ಮೇಲೆ.

ಬೇರೆ ಧರ್ಮದ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಒಂದಿದೆ. "ನಿಮ್ಮ ಯೇಸು ತಾನೇ ದಾರಿ, ತಾನೇ ಸತ್ಯ ಅಂತ ಹೇಳಿದ್ದಾನೆ. ಇಂಥದ್ದು ಪಾಪ, ಇಂಥದ್ದು ತಪ್ಪು ಅಂತ ಇಗರ್ಜಿಯಲ್ಲಿ ಖಡಾಖಂಡಿತವಾಗಿ ಹೇಳುತ್ತೀರಿ. ಹಾಗಾದರೆ ಸಹನೆ ಎಲ್ಲಿಂದ ಬರುತ್ತದೆ?" ನ್ಯಾಯವಾದ ಪ್ರಶ್ನೆ. ಉತ್ತರ ಮಾತ್ರ ಒಂದು ಸಾಲಿನದ್ದಲ್ಲ. ಇತಿಹಾಸದಲ್ಲಿ ಕ್ರೈಸ್ತರೇ ಆ ಉತ್ತರವನ್ನು ಹಲವು ಸಲ ಮರೆತಿದ್ದಾರೆ.

ಮೊದಲು ಪದವನ್ನೇ ನೋಡೋಣ. ತಲೆನೋವು ಸಹಿಸಿಕೊಂಡೆ ಅನ್ನುತ್ತೇವೆ. ಮೇ ತಿಂಗಳ ಸೆಕೆ ಸಹಿಸಿಕೊಂಡೆ ಅನ್ನುತ್ತೇವೆ. ಪಾಯಸ ಸಹಿಸಿಕೊಂಡೆ ಅಂತ ಯಾರೂ ಹೇಳುವುದಿಲ್ಲ. ಅಂದರೆ ಸಹಿಸಬೇಕಾದರೆ ಮೊದಲು ಅದು ಹಿಡಿಸದೆ ಇರಬೇಕು. ಇಂಗ್ಲಿಷಿನ ಟಾಲರೆನ್ಸ್ ಪದದ ಲ್ಯಾಟಿನ್ ಮೂಲಕ್ಕೂ ಅರ್ಥ ತಾಳಿಕೊಳ್ಳುವುದು, ಭಾರ ಹೊರುವುದು ಅಂತಲೇ. "ನನಗೆ ಎಲ್ಲ ಧರ್ಮವೂ ಒಂದೇ, ಯಾರು ಏನು ಮಾಡಿದರೂ ನನಗೇನು" ಅನ್ನುವವನು ಸಹನೆ ಇರುವವನಲ್ಲ. ಅವನಿಗೆ ಆ ವಿಷಯದ ಗೋಜೇ ಇಲ್ಲ, ಅಷ್ಟೇ. ಹಾಗೆಯೇ, ಎದುರಿನವನು ಬಲಶಾಲಿ ಅಂತ ಹೆದರಿ ಬಾಯಿ ಮುಚ್ಚಿಕೊಂಡು ಕೂತರೆ ಅದು ಸಹನೆಯಲ್ಲ, ಬರೀ ಭಯ. ಇದು ತಪ್ಪು ಅಂತ ನನಗೆ ಅನ್ನಿಸಬೇಕು, ತಡೆಯಲು ನನ್ನ ಕೈಯಲ್ಲಿ ಏನೋ ಆಗುವಂತಿರಬೇಕು. ಆದರೂ ಇನ್ನೂ ದೊಡ್ಡದೊಂದು ಕಾರಣಕ್ಕಾಗಿ ಕೈ ಹಿಂದೆಗೆಯಬೇಕು. ಆಗ ಮಾತ್ರ ಆ ಪದಕ್ಕೆ ಬೆಲೆ. ಆ ದೊಡ್ಡ ಕಾರಣ ಯಾವುದು ಅನ್ನುವುದರಲ್ಲೇ ಕ್ರೈಸ್ತ ಚಿಂತನೆಯ ಕಥೆಯೆಲ್ಲ ಇದೆ.

ಕೊರಿಂಥದ ಮಾಂಸದಂಗಡಿ

ಅಪ್ಪ, ಅಜ್ಜಿ ಜಗಳವಾಡುತ್ತಿದ್ದ ಆ ಪತ್ರ ಕ್ರಿ.ಶ. 55ರ ಆಸುಪಾಸಿನದು. ಪೌಲ ಅದನ್ನು ಬರೆದದ್ದು ಕೊರಿಂಥದ ಹೊಸ ಕ್ರೈಸ್ತರಿಗೆ. ಕೊರಿಂಥ ಗ್ರೀಸಿನ ವ್ಯಾಪಾರದ ಪೇಟೆ. ಎರಡು ಕಡೆ ಬಂದರು, ಹತ್ತೂರಿನ ಜನ, ಬಗೆಬಗೆಯ ದೇವರ ಗುಡಿಗಳು. ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯಲ್ಲಿ ದೇವರಿಗೊಂದು ಪಾಲು, ಪೂಜೆ ಮಾಡಿದವರಿಗೊಂದು ಪಾಲು, ಭಕ್ತರ ಊಟಕ್ಕೊಂದು ಪಾಲು. ಉಳಿದದ್ದು ಪೇಟೆಯ ಮಾಂಸದಂಗಡಿಗೆ ಬರುತ್ತಿತ್ತು. ಕೊಳ್ಳುವವನಿಗೆ ಯಾವುದು ಗುಡಿಯದ್ದು, ಯಾವುದು ಅಲ್ಲ ಅಂತ ಗೊತ್ತಾಗುವುದಾದರೂ ಹೇಗೆ? ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿಂದರೆ ನಂಬಿಕೆ ಕೆಟ್ಟಿತು ಅಂತ ಕೆಲವರು. ವಿಗ್ರಹದಲ್ಲಿ ಏನೂ ಇಲ್ಲ ಅಂದ ಮೇಲೆ ಮಾಂಸ ಮಾಂಸವೇ, ತಿಂದರೆ ಏನು ಅಂತ ಇನ್ನು ಕೆಲವರು. ನಮ್ಮ ಅಡಿಗೆಮನೆಯ ಜಗಳವೇ, ಅಲ್ವಾ?

ಪೌಲನ ಉತ್ತರ ನೇರವಾಗಿಲ್ಲ. ಅದಕ್ಕೇ ನನಗೆ ಅದು ಇಷ್ಟ. ಗುಡಿಯ ಪೂಜೆಯ ಊಟಕ್ಕೇ ಹೋಗಿ ಕೂರುವುದು ಬೇಡ, ಆ ಮೇಜಿಗೂ ಈ ಮೇಜಿಗೂ ಒಟ್ಟಿಗೆ ಸೇರಲಾಗದು ಅಂತ ಕಟುವಾಗಿಯೇ ಹೇಳುತ್ತಾನೆ. ಅಲ್ಲಿ ರಾಜಿ ಇಲ್ಲ. ಆದರೆ ಅಂಗಡಿಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ತಿನ್ನಿ ಅನ್ನುತ್ತಾನೆ. ಭೂಮಿ ದೇವರದ್ದು ಅಂತ ಅಪ್ಪ ಹೇಳುತ್ತಿದ್ದ ಮಾತು ಬರುವುದು ಇಲ್ಲೇ. ಬೇರೆ ನಂಬಿಕೆಯವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೇಳದೆ ತಿನ್ನಿ ಅಂತಲೂ ಹೇಳುತ್ತಾನೆ. ಆಮೇಲೆ ಒಂದು ತಿರುವು. ಯಾರಾದರೂ "ಇದು ದೇವರಿಗೆ ಅರ್ಪಿಸಿದ್ದು" ಅಂತ ಹೇಳಿದರೆ ತಿನ್ನಬೇಡಿ. ಯಾಕೆ? ನಿಮ್ಮ ಮನಸ್ಸಾಕ್ಷಿಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ.

ಆ ಕೊನೆಯ ಸಾಲು ಅಜ್ಜಿಯದ್ದು. ಪ್ರಸಾದ ಕೊಡುವವರು ಪ್ರಸಾದ ಅಂತ ಹೇಳಿಯೇ ಕೊಡುತ್ತಾರೆ. ಸುಮ್ನೆ ಸಿಹಿತಿಂಡಿ ಅಂತ ನಾನು ಬಾಯಿಗೆ ಹಾಕಿಕೊಂಡರೆ ಅವರ ಭಕ್ತಿಯನ್ನೂ ಹಗುರ ಮಾಡಿದ ಹಾಗೆ, ನನ್ನದನ್ನೂ ಹಗುರ ಮಾಡಿದ ಹಾಗೆ. ಅಜ್ಜಿ ಇಷ್ಟೆಲ್ಲ ಬಿಡಿಸಿ ಹೇಳಿದವರಲ್ಲ. ಆದರೆ ಅವರು ನಡೆದುಕೊಳ್ಳುತ್ತಿದ್ದ ರೀತಿಯಲ್ಲಿ ಅದು ಇತ್ತು. ಪ್ರಸಾದವನ್ನು ಬೇಡ ಅನ್ನಲಿಲ್ಲ, ಎಸೆಯಲೂ ಇಲ್ಲ, ತಿನ್ನಲೂ ಇಲ್ಲ.

ರೋಮ್‌ನವರಿಗೆ ಬರೆದ ಪತ್ರದಲ್ಲಿ ಪೌಲ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತಾನೆ. ಅಲ್ಲಿ ಕೆಲವರು ಬರೀ ತರಕಾರಿ ತಿನ್ನುವವರು, ಕೆಲವರು ಎಲ್ಲವನ್ನೂ ತಿನ್ನುವವರು. ತಿನ್ನುವವನು ತಿನ್ನದವನನ್ನು ಕೀಳಾಗಿ ಕಾಣಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು. ಗಮನಿಸಿ, ಇಬ್ಬರೂ ಸರಿ ಅಂತ ಅವನು ಹೇಳುವುದಿಲ್ಲ. ಯಾವ ಆಹಾರವೂ ತನ್ನಷ್ಟಕ್ಕೆ ಮೈಲಿಗೆ ಅಲ್ಲ ಅನ್ನುವುದು ತನ್ನ ಗಟ್ಟಿ ಅಭಿಪ್ರಾಯ ಅಂತ ಅಲ್ಲೇ ಬರೆಯುತ್ತಾನೆ. ಆದರೂ ತನ್ನ ಅಭಿಪ್ರಾಯಕ್ಕಾಗಿ ಇನ್ನೊಬ್ಬನ ಮನಸ್ಸನ್ನು ಮುರಿಯಬೇಡ ಅನ್ನುತ್ತಾನೆ. ಅಭಿಪ್ರಾಯ ಗಟ್ಟಿ, ಕೈ ಮೆತ್ತಗೆ.

ನಮ್ಮ ಕಡೆಯ ಮದುವೆಗೆ ಬಂದರೆ ಇದನ್ನು ಕಣ್ಣಾರೆ ನೋಡಬಹುದು. ಒಂದು ಕಡೆ ದೊಡ್ಡ ಕಡಾಯಿಯಲ್ಲಿ ಹಂದಿ ಮಾಂಸ ಬೇಯುತ್ತಿರುತ್ತದೆ. ಅಂಗಳದ ಇನ್ನೊಂದು ಕೊನೆಯಲ್ಲಿ ಭಟ್ಟರ ಅಡಿಗೆಯವರು ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಂಡು ಸಾಂಬಾರು ಮಾಡುತ್ತಿರುತ್ತಾರೆ. ಬ್ಯಾರಿ ನೆಂಟರಿಗೆ ಅಂತ ಹಲಾಲ್ ಮಾಡಿದ ಕೋಳಿ ಬೇರೆ. ನೆಂಟರು ಅಂದೆ, ನೆರೆಕರೆಯವರು. ನಮ್ಮಲ್ಲಿ ಎರಡಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ. ಯಾರೂ ತಮ್ಮ ನಿಯಮವನ್ನು ಬಿಟ್ಟಿಲ್ಲ, ಯಾರೂ ಮದುವೆಯನ್ನೂ ಬಿಟ್ಟಿಲ್ಲ.

ತೊಲೆ ಮತ್ತು ರವೆ

"ತೀರ್ಪು ಮಾಡಬೇಡಿರಿ" ಅನ್ನುವ ಯೇಸುವಿನ ಮಾತು ಎಲ್ಲರಿಗೂ ಗೊತ್ತು. ಬೈಬಲ್ ತೆರೆಯದವರಿಗೂ ಗೊತ್ತು. ಯಾವುದನ್ನೂ ತಪ್ಪು ಅನ್ನಬಾರದು ಅನ್ನುವ ಅರ್ಥದಲ್ಲಿ ಅದನ್ನು ಬಳಸುವುದುಂಟು. ಮುಂದಿನ ಸಾಲುಗಳನ್ನು ಓದಿದರೆ ಆ ಅರ್ಥ ನಿಲ್ಲುವುದಿಲ್ಲ. ನಿನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ರವೆಯನ್ನು, ಅಂದರೆ ಧೂಳಿನ ಕಣವನ್ನು, ಯಾಕೆ ನೋಡುತ್ತೀ ಅಂತ ಕೇಳುತ್ತಾನೆ. ಮೊದಲು ತೊಲೆಯನ್ನು ತೆಗೆ, ಆಮೇಲೆ ರವೆಯನ್ನು ತೆಗೆಯಲು ಕಣ್ಣು ಚೆನ್ನಾಗಿ ಕಾಣುತ್ತದೆ ಅನ್ನುತ್ತಾನೆ. ರವೆ ಇಲ್ಲ ಅಂತ ಹೇಳಿಲ್ಲ. ಸರತಿ ಯಾರದ್ದು ಮೊದಲು ಅಂತ ಹೇಳಿದ್ದು.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಯಲ್ಲೂ ಹಾಗೆಯೇ. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಅಂದಾಗ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ ಅಂದ ಯೇಸು, ಇನ್ನು ಮೇಲೆ ಪಾಪ ಮಾಡಬೇಡ ಅಂತಲೂ ಅಂದ. ಮೊದಲ ಅರ್ಧವನ್ನು ಮಾತ್ರ ಹಿಡಿದುಕೊಂಡ ಕ್ರೈಸ್ತರಿದ್ದಾರೆ, ಎರಡನೆಯ ಅರ್ಧವನ್ನು ಮಾತ್ರ ಹಿಡಿದುಕೊಂಡವರೂ ಇದ್ದಾರೆ. ಎರಡನೆಯವರದ್ದು ಗಲಾಟೆ ಜಾಸ್ತಿ.

ಇನ್ನೊಂದು ಸಾಲು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಕೊರಿಂಥದ ಅದೇ ಪತ್ರದಲ್ಲಿ ಸಭೆಯೊಳಗಿನ ಒಬ್ಬ ತಪ್ಪಿತಸ್ಥನನ್ನು ಹೊರಗೆ ಹಾಕಿ ಅಂತ ಪೌಲ ಬರೆಯುತ್ತಾನೆ. ಕೂಡಲೇ, ಹೊರಗಿನವರಿಗೆ ತೀರ್ಪು ಕೊಡುವುದು ನನ್ನ ಕೆಲಸವಾ ಅಂತಲೂ ಕೇಳುತ್ತಾನೆ. ಒಳಗೆ ಬಿಗಿ, ಹೊರಗೆ ಸಡಿಲ. ಈಗ ನಡೆಯುವುದು ಇದಕ್ಕೆ ಉಲ್ಟಾ ಅಂತ ಎಷ್ಟೋ ಸಲ ಅನ್ನಿಸುತ್ತದೆ. ಹೊರಗಿನವರ ತಪ್ಪಿನ ಬಗ್ಗೆ ಉದ್ದುದ್ದ ಭಾಷಣ, ಒಳಗಿನವರ ತಪ್ಪು ಬಂದರೆ "ಮನೆಯ ಮಾತು ಹೊರಗೆ ಬೇಡ."

ಒಳ್ಳೆಯ ಮನುಷ್ಯ ಮಾಡಿದ ತಪ್ಪು

ಕ್ರೈಸ್ತರ ಕೈಯಲ್ಲಿ ಅಧಿಕಾರ ಇಲ್ಲದಾಗ ಸಹನೆಯ ಮಾತು ಸುಲಭವಾಗಿತ್ತು. ಈಗಿನ ಟುನೀಶಿಯಾದ ಕಾರ್ತೇಜಿನಲ್ಲಿದ್ದ ಕ್ರೈಸ್ತ ಲೇಖಕ ತೆರ್ತುಲಿಯನ್ 212ರ ಹೊತ್ತಿಗೆ ರೋಮನ್ ಅಧಿಕಾರಿಗೆ ಬರೆದ ಪತ್ರದಲ್ಲಿ, ಧರ್ಮವನ್ನು ಒತ್ತಾಯದಿಂದ ಹೇರುವುದು ಧರ್ಮದ ಕೆಲಸವಲ್ಲ ಅಂತ ಹೇಳಿದ್ದ. 313ರಲ್ಲಿ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸುವ ಸ್ವಾತಂತ್ರ್ಯ ಸಿಕ್ಕಿತು. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಇವರ ನಂಬಿಕೆಯನ್ನೇ ಸಾಮ್ರಾಜ್ಯದ ಧರ್ಮ ಮಾಡಿದ. ಸಹಿಸಿಕೊಳ್ಳಬೇಕಾದ ಸರದಿ ಈಗ ಇವರದ್ದಾಯಿತು. ಪರೀಕ್ಷೆ ಶುರುವಾದದ್ದು ಆಗ.

ಆಗಸ್ಟಿನ್ ಅದೇ ಉತ್ತರ ಆಫ್ರಿಕಾದ ಬಿಷಪ್. ದೊಡ್ಡ ಚಿಂತಕ, ತನ್ನ ತಪ್ಪನ್ನು ತಾನೇ ಬರೆದುಕೊಂಡ ಪ್ರಾಮಾಣಿಕ. ಅಲ್ಲಿ ದೊನಾತಿಸ್ಟರು ಅನ್ನುವ ಒಡಕು ಗುಂಪೊಂದಿತ್ತು. ಒತ್ತಾಯ ಬೇಡ, ಒತ್ತಾಯ ಮಾಡಿದರೆ ಬರೀ ನಟಿಸುವ ಕ್ರೈಸ್ತರು ಹುಟ್ಟುತ್ತಾರೆ ಅಂತ ಆಗಸ್ಟಿನ್ ಮೊದಲು ವಾದಿಸಿದ. ಆಮೇಲೆ ಸರ್ಕಾರ ದಂಡ, ಕಾನೂನು ಹಾಕಿದಾಗ ಜನ ನಿಜವಾಗಿಯೂ ಹಿಂದಿರುಗಿ ಬರುವುದನ್ನು ಕಂಡ. ಕೆಲವರು ಆಮೇಲೆ ಥ್ಯಾಂಕ್ಸ್ ಕೂಡ ಹೇಳಿದರಂತೆ. ಅವನು ಮನಸ್ಸು ಬದಲಾಯಿಸಿದ. ಲೂಕನ ಸುವಾರ್ತೆಯಲ್ಲಿ ಔತಣದ ಕಥೆಯೊಂದಿದೆ. ಮನೆ ತುಂಬುವ ಹಾಗೆ ಜನರನ್ನು ಒತ್ತಾಯಮಾಡಿ ಒಳಗೆ ಕರೆದುಕೊಂಡು ಬಾ ಅಂತ ಯಜಮಾನ ಆಳಿಗೆ ಹೇಳುತ್ತಾನೆ. ಊಟಕ್ಕೆ ಕರೆಯುವ ಆ ಒತ್ತಾಯವನ್ನು, ನಮ್ಮಲ್ಲಿ "ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲೇಬೇಕು" ಅನ್ನುತ್ತೇವಲ್ಲ, ಆಗಸ್ಟಿನ್ ಕಾನೂನಿನ ಒತ್ತಾಯಕ್ಕೆ ಆಧಾರ ಮಾಡಿದ.

ಕೊಲ್ಲುವುದಕ್ಕೆ ಅವನು ವಿರೋಧವಾಗಿಯೇ ಇದ್ದ. ಆದರೆ ಬಾಗಿಲು ತೆರೆದಾಗಿತ್ತು. ಕೆಟ್ಟವನು ಹಿಂಸೆ ಮಾಡಿದರೆ ಅರ್ಥವಾಗುತ್ತದೆ. ಎದುರಿನವನ ಒಳ್ಳೆಯದಕ್ಕೇ ಒತ್ತಾಯ ಮಾಡುತ್ತೇನೆ ಅನ್ನುವ ಒಳ್ಳೆಯವನನ್ನು ತಡೆಯುವುದು ಕಷ್ಟ. ಹದಿಮೂರನೆಯ ಶತಮಾನದಲ್ಲಿ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಿಚಿತ್ರವಾದ ನಡುದಾರಿ ಹಿಡಿದ. ಯಾವತ್ತೂ ಕ್ರೈಸ್ತರಾಗದವರನ್ನು ಒತ್ತಾಯಿಸಬಾರದು, ಅವರ ಆಚರಣೆಗಳನ್ನು ಕೆಲವೊಮ್ಮೆ ಸಹಿಸಿಕೊಳ್ಳಬಹುದು. ಮನಸ್ಸಾಕ್ಷಿ ತಪ್ಪಿದ್ದರೂ ಅದರ ವಿರುದ್ಧ ನಡೆಯುವುದು ಪಾಪ ಅಂತಲೂ ಹೇಳಿದ. ಆದರೆ ಒಮ್ಮೆ ನಂಬಿ ಆಮೇಲೆ ಬೇರೆ ಮತ ಹಿಡಿದವನಿಗೆ ಮರಣದಂಡನೆ ಕೂಡ ಸರಿ ಅಂದ. ಎರಡನ್ನೂ ಒಂದೇ ತಲೆಯಲ್ಲಿ ಹೇಗೆ ಇಟ್ಟುಕೊಂಡನೋ.

ಸುಧಾರಣೆ ತಂದ ಪ್ರೊಟೆಸ್ಟೆಂಟರೂ ಇದರಲ್ಲಿ ಹಿಂದೆ ಬೀಳಲಿಲ್ಲ. ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆಯಬೇಕು ಅಂದದ್ದಕ್ಕೆ ಫೆಲಿಕ್ಸ್ ಮಾಂಟ್ಸ್ ಅನ್ನುವವನನ್ನು 1527ರಲ್ಲಿ ಜ್ಯೂರಿಕ್ ನಗರದ ಹೊಳೆಯಲ್ಲಿ ಮುಳುಗಿಸಿ ಕೊಂದರು. 1553ರಲ್ಲಿ ಜಿನೀವಾದಲ್ಲಿ ಮಿಕಾಯೆಲ್ ಸೆರ್ವೇತಸ್‌ನನ್ನು ಸುಟ್ಟರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿಯೇಕ ದೇವರ ಬೋಧನೆಯನ್ನು ಅವನು ಒಪ್ಪಿರಲಿಲ್ಲ. ಅಲ್ಲಿನ ಪ್ರೊಟೆಸ್ಟೆಂಟ್ ನಾಯಕ ಕಾಲ್ವಿನ್ ಆ ಶಿಕ್ಷೆಯನ್ನು ಸಮರ್ಥಿಸಿ ಬರೆದಾಗ ಸೆಬಾಸ್ಟಿಯನ್ ಕಾಸ್ಟೆಲಿಯೊ ಅನ್ನುವ ಮೇಷ್ಟ್ರು ಉತ್ತರ ಕೊಟ್ಟ: ಒಬ್ಬ ಮನುಷ್ಯನನ್ನು ಕೊಂದರೆ ಸಿದ್ಧಾಂತವನ್ನು ಕಾಪಾಡಿದ ಹಾಗಲ್ಲ, ಒಬ್ಬ ಮನುಷ್ಯನನ್ನು ಕೊಂದ ಹಾಗೆ. ಕಾಸ್ಟೆಲಿಯೊ ನಂಬಿಕೆ ಬಿಟ್ಟವನಲ್ಲ, ಬೈಬಲನ್ನು ಎರಡು ಭಾಷೆಗೆ ಅನುವಾದಿಸಿದವನು. ನಂಬಿಕೆ ಗಟ್ಟಿ ಇದ್ದದ್ದಕ್ಕೇ ಅವನಿಗೆ ಆ ಬೆಂಕಿ ಬೇಕಾಗಲಿಲ್ಲ ಅನ್ನುವುದು ನನ್ನ ಲೆಕ್ಕ.

ಈ ಕಥೆ ಯುರೋಪಿನದ್ದು ಮಾತ್ರ ಅಂದುಕೊಳ್ಳಬೇಡಿ. 1560ರಲ್ಲಿ ಗೋವಾದಲ್ಲಿ ನಂಬಿಕೆಯ ತಪ್ಪು ವಿಚಾರಿಸುವ ಇಗರ್ಜಿಯ ನ್ಯಾಯಮಂಡಳಿ, ಇನ್‌ಕ್ವಿಸಿಷನ್ ಶುರುವಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರ ತನಕ ನಡೆಯಿತು. ಕ್ರೈಸ್ತರಾದ ಮೇಲೂ ಹಳೆ ಆಚರಣೆ ಉಳಿಸಿಕೊಂಡವರನ್ನು ಹಿಡಿದು ವಿಚಾರಿಸುತ್ತಿದ್ದರು. 1736ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಅಂಗಳದಲ್ಲಿ ತುಳಸಿ ನೆಡಬಾರದು, ಗಂಡಸರು ಧೋತಿ ಉಡಬಾರದು ಅನ್ನುವಂಥ ಕಟ್ಟಳೆಗಳೂ ಇದ್ದವು. ನಮ್ಮ ಹಿರಿಯರು ಗೋವಾ ಬಿಟ್ಟು ಕೆನರಾಕ್ಕೆ ಬಂದದ್ದಕ್ಕೆ ಬರಗಾಲ, ಯುದ್ಧ, ತೆರಿಗೆ ಹೀಗೆ ಕಾರಣ ಹಲವು. ಈ ಇನ್‌ಕ್ವಿಸಿಷನ್ನೂ ಅದರಲ್ಲಿ ಒಂದು. ಕ್ರೈಸ್ತರ ಒತ್ತಾಯದಿಂದ ತಪ್ಪಿಸಿಕೊಂಡು ಓಡಿಬಂದ ಕ್ರೈಸ್ತರು! ಬಂದವರಿಗೆ ಹೊಲ ಕೊಟ್ಟು, ಇಗರ್ಜಿ ಕಟ್ಟಲು ಬಿಟ್ಟವರು ಈ ಕಡೆಯ ಹಿಂದೂ ಅರಸರು. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವ ರೋಸ್ ಶಾಸ್ತ್ರವನ್ನು ನಮ್ಮವರು ಇವತ್ತಿಗೂ ಬಿಟ್ಟಿಲ್ಲ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಇಗರ್ಜಿಗೆ ಒಯ್ದು, ಆಶೀರ್ವಾದ ಮಾಡಿಸಿ, ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯುತ್ತೇವೆ. ಆ ದಿನ ಮೀನೂ ಇಲ್ಲ, ಮಾಂಸವೂ ಇಲ್ಲ. ಅಜ್ಜಿ ಆ ತೆನೆ ಹಿಡಿದುಕೊಂಡು ಬರುವಾಗ ಭಟ್ಟರ ಮನೆಯ ಹೊಸಕ್ಕಿ ಊಟದ ನೆನಪಾಗುತ್ತಿತ್ತು ನನಗೆ.

ತಪ್ಪಿಗೆ ಹಕ್ಕಿಲ್ಲ, ಮನುಷ್ಯನಿಗೆ?

ಹತ್ತೊಂಬತ್ತನೆಯ ಶತಮಾನದಲ್ಲೂ ಕ್ಯಾಥೊಲಿಕ್ ಸಭೆಯ ವಾದ ಹೀಗಿತ್ತು: ಸತ್ಯಕ್ಕೆ ಹಕ್ಕಿದೆ, ತಪ್ಪಿಗೆ ಯಾವ ಹಕ್ಕೂ ಇಲ್ಲ. ಕೇಳಲು ಸರಿ ಅನ್ನಿಸುತ್ತದೆ. ಎರಡೂ ಎರಡೂ ಐದು ಅನ್ನುವುದಕ್ಕೆ ಏನು ಹಕ್ಕು? 1864ರಲ್ಲಿ ಒಂಬತ್ತನೆಯ ಪಯಸ್ ಪೋಪ್ ಆ ಕಾಲದ ತಪ್ಪುಗಳ ಪಟ್ಟಿಯನ್ನೇ ಹೊರಡಿಸಿದರು. ಯಾವ ಧರ್ಮ ತನಗೆ ಸರಿ ಕಂಡರೂ ಅದನ್ನು ಹಿಡಿಯಲು ಮನುಷ್ಯನಿಗೆ ಸ್ವಾತಂತ್ರ್ಯವಿದೆ ಅನ್ನುವುದೂ ಅದರಲ್ಲಿ ಸೇರಿತ್ತು.

ನೂರು ವರ್ಷ ಕಳೆದು 1965ರ ಡಿಸೆಂಬರ್ 7ರಂದು ಕ್ಯಾಥೊಲಿಕ್ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಒಪ್ಪಿತು. ಪರವಾಗಿ 2308 ಮತ, ವಿರುದ್ಧ 70. ಎಲ್ಲ ಧರ್ಮವೂ ಒಂದೇ ಅಂತ ಆ ಸಭೆ ಹೇಳಿತು ಅಂತ ಕೆಲವರು ತಿಳಿದುಕೊಂಡಿದ್ದಾರೆ. ಹಾಗೆ ಹೇಳಿಲ್ಲ. ತನ್ನ ನಂಬಿಕೆಯೇ ಸತ್ಯ ಅನ್ನುವುದನ್ನು ಅದೇ ಘೋಷಣೆಯ ಶುರುವಿನಲ್ಲಿ ಮತ್ತೆ ಹೇಳಿತು. ಬದಲಾದದ್ದು ಪ್ರಶ್ನೆ ಕೇಳುವ ರೀತಿ. ತಪ್ಪು ಅನ್ನುವುದು ಗಾಳಿಯಲ್ಲಿ ತೇಲುವ ವಸ್ತುವಲ್ಲ, ಅದಕ್ಕೆ ಹಕ್ಕು ಇದೆಯೋ ಇಲ್ಲವೋ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಹಕ್ಕು ಇರುವುದು ಮನುಷ್ಯನಿಗೆ. ಅವನು ತಪ್ಪು ದಾರಿಯಲ್ಲಿದ್ದರೂ ಅವನನ್ನು ಒತ್ತಾಯಿಸುವಂತಿಲ್ಲ, ಯಾಕೆಂದರೆ ಅವನನ್ನು ಸೃಷ್ಟಿಸಿದ ದೇವರೇ ಒತ್ತಾಯಿಸಿಲ್ಲ. ಸತ್ಯ ತನ್ನ ಸತ್ಯದ ಬಲದಿಂದ ಮಾತ್ರ ಮನಸ್ಸಿಗೆ ಇಳಿಯಬೇಕು ಅನ್ನುವುದು ಆ ಘೋಷಣೆಯ ಹೆಸರುವಾಸಿ ಮಾತು. ಒತ್ತಾಯದಿಂದ ಬಂದ ನಂಬಿಕೆ ನಂಬಿಕೆಯೇ ಅಲ್ಲ ಅಂದರೆ, ಗಟ್ಟಿ ನಂಬಿಕೆಯೇ ಸಹನೆಗೆ ಕಾರಣವಾಯಿತು. ಮೇಲೆ ಕೇಳಿದ ಆ ದೊಡ್ಡ ಕಾರಣ ಇದೇ.

ಪ್ರೊಟೆಸ್ಟೆಂಟರು ಇಲ್ಲಿಗೆ ಬೇರೆ ದಾರಿಯಿಂದ, ಸ್ವಲ್ಪ ಬೇಗ ಬಂದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ ಗಡೀಪಾರಾದ ಪಾದ್ರಿ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಅನ್ನುವ ಊರನ್ನೇ ಕಟ್ಟಿ, ಯಾರ ನಂಬಿಕೆಗೂ ಸರ್ಕಾರ ಕೈ ಹಾಕಬಾರದು ಅಂದ. ಅವನಿಗೆ ಬೇರೆ ಪಂಗಡಗಳ ಬೋಧನೆ ಕಂಡರೆ ಆಗುತ್ತಿರಲಿಲ್ಲ, ಬರವಣಿಗೆಯಲ್ಲಿ ಚೆನ್ನಾಗಿ ಬೈದಿದ್ದಾನೆ. ಆದರೆ ಅವರನ್ನು ತನ್ನ ಊರಿನಲ್ಲಿ ಇರಲು ಬಿಟ್ಟ. 1689ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಸಹನೆಯ ಬಗ್ಗೆ ಬರೆದ ಪತ್ರ ಇನ್ನೂ ಪ್ರಸಿದ್ಧ. ಅದರಲ್ಲೂ ನಾಸ್ತಿಕರನ್ನು ಸಹಿಸಲಾಗದು ಅಂತ ಇದೆ. ದೇವರನ್ನು ನಂಬದವನ ಆಣೆಗೆ ಬೆಲೆ ಏನು ಅಂತ ಅವನ ವಾದ. ಗೆರೆ ಎಲ್ಲಿ ಎಳೆಯಬೇಕು ಅನ್ನುವ ಜಗಳ ಅಲ್ಲಿಗೂ ಮುಗಿಯಲಿಲ್ಲ.

ಎದ್ದು ನಿಂತ ಮೂರು ಮಕ್ಕಳು

ನಮ್ಮದು ಭಾಷೆ ಕನ್ನಡ, ಮನೆಮಾತು ಕೊಂಕಣಿ, ಧರ್ಮಪ್ರಾಂತ್ಯ ಮಂಗಳೂರು. ಆದರೆ 1956ರ ನವೆಂಬರ್ 1ರಿಂದ ರಾಜ್ಯ ಕೇರಳ. ಹಾಗಾಗಿ ಕೇರಳದ್ದೇ ಒಂದು ಮೊಕದ್ದಮೆ ಹೇಳುತ್ತೇನೆ. 1985ರ ಜುಲೈಯಲ್ಲಿ ಇಲ್ಲಿನ ಶಾಲೆಯೊಂದು ಒಡಹುಟ್ಟಿದ ಮೂರು ಮಕ್ಕಳನ್ನು ಹೊರಗೆ ಹಾಕಿತು. ಅವರು ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು. ರಾಷ್ಟ್ರಗೀತೆ ಹಾಡುವಾಗ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ತುತಿಗೀತೆ ಹಾಡಬಾರದು ಅನ್ನುವುದು ಅವರ ನಂಬಿಕೆ. ಕೇರಳ ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅವರ ನಂಬಿಕೆ ಸರಿಯೋ ತಪ್ಪೋ ಅನ್ನುವುದು ನ್ಯಾಯಾಲಯದ ಪ್ರಶ್ನೆಯಾಗಿರಲಿಲ್ಲ. ಆ ನಂಬಿಕೆ ಪ್ರಾಮಾಣಿಕವಾ, ಅದರಿಂದ ಯಾರಿಗಾದರೂ ಅಗೌರವ ಆಯಿತಾ ಅಂತ ನೋಡಿತು. ನಮ್ಮ ಪರಂಪರೆ ಸಹನೆಯನ್ನು ಕಲಿಸುತ್ತದೆ, ನಮ್ಮ ತತ್ವ ಸಹನೆಯನ್ನು ಬೋಧಿಸುತ್ತದೆ, ನಮ್ಮ ಸಂವಿಧಾನ ಸಹನೆಯನ್ನು ಆಚರಿಸುತ್ತದೆ, ಅದನ್ನು ತೆಳು ಮಾಡದಿರೋಣ ಅಂತ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು.

ನಮ್ಮ ಇಗರ್ಜಿಯವರ ಪ್ರಕಾರ ಯೆಹೋವನ ಸಾಕ್ಷಿಗಳ ಬೋಧನೆಯೇ ತಪ್ಪು. ತ್ರಿಯೇಕ ದೇವರನ್ನು ಅವರೂ ಒಪ್ಪುವುದಿಲ್ಲ. ಸೆರ್ವೇತಸ್‌ನನ್ನು ಸುಟ್ಟದ್ದೂ ಹೆಚ್ಚುಕಮ್ಮಿ ಇದೇ ಕಾರಣಕ್ಕೆ. ಆದರೂ ಆ ಮೂರು ಮಕ್ಕಳು ಗೆದ್ದ ತೀರ್ಪು ಇವತ್ತು ನಮ್ಮನ್ನೂ ಕಾಯುತ್ತದೆ, ನಿಮ್ಮನ್ನೂ ಕಾಯುತ್ತದೆ.

ಕಷ್ಟದ ಜಾಗ ಮತಪ್ರಚಾರದ್ದು. ತಾನು ಕಂಡ ಒಳ್ಳೆಯದನ್ನು ಹಂಚುವುದು ಕ್ರೈಸ್ತನಿಗೆ ಕರ್ತವ್ಯ. ಕೇಳುವವನಿಗೆ ಅದು, ನಿನ್ನ ದೇವರು ಸಾಲದು ಅಂದ ಹಾಗೆ. ಈ ಎರಡನ್ನೂ ಮಾತಿನ ಚಮತ್ಕಾರದಿಂದ ಒಂದು ಮಾಡಲು ಬರುವುದಿಲ್ಲ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಆದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬದಲಾಗುವುದಿದ್ದರೆ ಅದು ಅವನದ್ದೇ ತೀರ್ಮಾನ ಆಗಬೇಕು. ಹಲವು ಕ್ರೈಸ್ತರಿಗೆ ಈ ತೀರ್ಪು ಸಮಾಧಾನ ತಂದಿಲ್ಲ. ಆದರೆ ನಾನು ಹೇಳಿದ 1965ರ ಘೋಷಣೆಯನ್ನೇ ತೆಗೆದು ನೋಡಿ. ನಂಬಿಕೆಯನ್ನು ಹರಡುವಾಗ ಒತ್ತಾಯದ, ಅಪ್ರಾಮಾಣಿಕ ಆಮಿಷದ ವಾಸನೆಯೂ ಇರಬಾರದು, ಅದರಲ್ಲೂ ಬಡವರ, ಓದು ಬರಹ ಇಲ್ಲದವರ ವಿಷಯದಲ್ಲಿ ಅಂತ ಅದರಲ್ಲೇ ಇದೆ. ಪೇತ್ರನ ಪತ್ರದಲ್ಲೂ, ನಿಮ್ಮ ನಂಬಿಕೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ, ಆದರೆ ಮೆದುವಾಗಿ, ಗೌರವದಿಂದ ಅಂತ ಬರೆದಿದೆ. ಕೇಳಿದವರಿಗೆ ಅನ್ನುವ ಪದವನ್ನು ನಾನು ಸ್ವಲ್ಪ ಒತ್ತಿ ಓದುತ್ತೇನೆ. ಎಲ್ಲರೂ ಹಾಗೆ ಓದುವುದಿಲ್ಲ.

ಇನ್ನೊಬ್ಬರ ನಂಬಿಕೆಯ ಒಳಗೆ ಕಾಲಿಟ್ಟು ತನ್ನತನ ಬಿಡದವರೂ ನಮ್ಮ ಕಡೆ ಇದ್ದರು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಅನ್ನುವ ಕಾವ್ಯ ಬರೆದರು. ಅವರು ಕ್ರೈಸ್ತರಾಗಿರಲಿಲ್ಲ. ಅದಕ್ಕೆ ಸಹನೆ ಅನ್ನುವ ಪದ ಸಣ್ಣದಾಗುತ್ತದೆ.

ಸಹಿಸಬಾರದ್ದೂ ಒಂದಿದೆ. ಅದನ್ನು ಹೇಳದಿದ್ದರೆ ಈ ಲೇಖನ ಅಜ್ಜಿಯನ್ನು ಹೊಗಳುವ ಲೇಖನ ಆಗಿಬಿಡುತ್ತದೆ. ತೆನೆ ಹಬ್ಬಕ್ಕೆ ಅಜ್ಜಿ ಭಟ್ಟರ ಮನೆಗೆ ಕಳಿಸುತ್ತಿದ್ದದ್ದು ಹಸಿ ತರಕಾರಿ, ಅಕ್ಕಿ, ತೆಂಗಿನಕಾಯಿ. ಬೇಯಿಸಿದ್ದು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅಜ್ಜಿ ಅದನ್ನು ಸಹಿಸಿಕೊಂಡರು. ಪ್ರಸಾದ ತಿನ್ನದ ಅಜ್ಜಿಯನ್ನು, ಅವರು ಕರೆಯುತ್ತಿದ್ದ ಹಾಗೆ ಬಾಯಮ್ಮನನ್ನು, ಭಟ್ಟರು ಸಹಿಸಿಕೊಂಡರು. ಇಬ್ಬರೂ ತಾವೇ ಜಾಸ್ತಿ ಸಹಿಸುತ್ತಿದ್ದೇವೆ ಅಂತ ತಿಳಿದಿರಬೇಕು. ಅದು ಇರಲಿ. ಎರಡೂ ತೋಟದಲ್ಲಿ ಅಡಿಕೆ ಕೊಯ್ಯಲು, ಗೊಬ್ಬರ ಹೊರಲು ಬರುತ್ತಿದ್ದವರಿಗೆ ಮಾತ್ರ ಎರಡೂ ಮನೆಯಲ್ಲಿ ಅಂಗಳದಲ್ಲೇ ಊಟ. ಶಿಲುಬೆಯ ಸರದ ಅಜ್ಜಿಯೂ ಅವರಿಗೆ ಮೇಲಿನಿಂದಲೇ ಬಡಿಸುತ್ತಿದ್ದರು. ಗೋವಾದಿಂದ ಬರುವಾಗ ನಮ್ಮವರು ಜಾತಿಯನ್ನೂ ಗಂಟು ಕಟ್ಟಿಕೊಂಡೇ ಬಂದವರು. ಮದುವೆಯ ಮಾತುಕತೆಯಲ್ಲಿ ಅದು ಇವತ್ತಿಗೂ ಮೆಲ್ಲಗೆ ತಲೆ ಎತ್ತುತ್ತದೆ.

1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರ ಅನ್ಯಾಯವನ್ನು ಹೀಗೆ ಸುಮ್ಮನೆ ಸಹಿಸುವವರಿಗೇ. ಸ್ವಲ್ಪ ತಾಳಿ, ಗಲಾಟೆ ಬೇಡ ಅಂದ ಧರ್ಮಗುರುಗಳಿಗೆ ಆ ಪಾದ್ರಿ ಕೊಟ್ಟ ಉತ್ತರ ಅದು. ನನ್ನ ದೇವರ ವಿಷಯದಲ್ಲಿ ಇನ್ನೊಬ್ಬ ತಪ್ಪು ತಿಳಿದರೆ ಭಾರ ಹೊರುವವನು ನಾನು, ಹಾಗಾಗಿ ಹೊರಲು ಒಪ್ಪಬಹುದು. ಮೂರನೆಯವನೊಬ್ಬ ತುಳಿತಕ್ಕೆ ಸಿಕ್ಕಿರುವಾಗ ನಾನು "ಸಹಿಸಿಕೊಳ್ಳುತ್ತೇನೆ" ಅಂದರೆ ಭಾರ ಅವನ ತಲೆಯ ಮೇಲೆ, ಪುಣ್ಯ ನನ್ನ ಲೆಕ್ಕಕ್ಕೆ. ಪ್ರಸಾದದ ಬಗ್ಗೆ ಇಷ್ಟು ಸೂಕ್ಷ್ಮವಾಗಿದ್ದ ನಮ್ಮ ಮನೆಯಲ್ಲಿ ಅಂಗಳದ ಎಲೆಯ ಬಗ್ಗೆ ಒಂದು ದಿನವೂ ಚರ್ಚೆ ನಡೆಯಲಿಲ್ಲ. ಅಪ್ಪನ ಕಾಲಕ್ಕೆ ಅದು ನಿಂತಿತು. ಯಾರು ನಿಲ್ಲಿಸಿದರು, ಯಾವಾಗ ಅಂತ ಕೇಳಿದರೆ ಅಪ್ಪ ಮಾತು ಬದಲಾಯಿಸುತ್ತಾರೆ.

ಭಟ್ಟರಿಗೆ ಅಜ್ಜಿ ಪ್ರಸಾದ ತಿನ್ನುವುದಿಲ್ಲ ಅಂತ ಯಾವಾಗ ಗೊತ್ತಾಯಿತೋ. ಒಂದು ವರ್ಷ ಪೂಜೆ ಮುಗಿದ ಮೇಲೆ ಎಲೆಯ ಜೊತೆಗೆ ಎರಡು ಕದಳಿ ಬಾಳೆಹಣ್ಣನ್ನು ಬೇರೆಯಾಗಿ ತಂದರು. "ಇದು ಪೂಜೆಗೆ ಇಡದ್ದು ಬಾಯಮ್ಮ" ಅಂದರು. ಅಜ್ಜಿ ಅಲ್ಲೇ ಜಗಲಿಯಲ್ಲಿ ಸುಲಿದು ತಿಂದರು. ಮರುವರ್ಷದಿಂದ ಬರೀ ಹಣ್ಣು, ಸಪಾದ ಭಕ್ಷ್ಯ ಬರುವುದು ನಿಂತಿತು. ಅಪ್ಪನಿಗೆ ಆದ ನಷ್ಟ ನಮಗೆ ಮಾತ್ರ ಗೊತ್ತು.

ಈಗ ಅಜ್ಜಿಯೂ ಇಲ್ಲ, ಭಟ್ಟರೂ ಇಲ್ಲ. ಸಂಕದ ಜಾಗದಲ್ಲಿ ಸಿಮೆಂಟಿನ ಸ್ಲಾಬು ಬಂದಿದೆ. ಪೂಜೆಯ ದಿನ ಅವರ ಮಗ ಸ್ಲಾಬು ದಾಟಿ ಬಂದು ಅಪ್ಪನ ಕೈಗೆ ಎರಡು ಕದಳಿ ಹಣ್ಣು ಕೊಡುತ್ತಾರೆ. "ಇದು ಪೂಜೆಗೆ ಇಡದ್ದು" ಅಂತ ಮರೆಯದೆ ಹೇಳುತ್ತಾರೆ. ಅಪ್ಪ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾರೆ. ತನಗೆ ಪೂಜೆಗೆ ಇಟ್ಟದ್ದೂ ನಡೆಯುತ್ತದೆ ಅಂತ ಈ ತನಕ ಹೇಳಿಲ್ಲ.